ಗುಂಡಿನ ಅಚ್ಚು ಮತ್ತು ಟೆಕ್ಸಾಸಿನ ಬೀಗರು

ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ, ಮೊಳೆಯ ಡಬ್ಬಿಗಳ ಹಿಂದೆ, ಒಂದು ಹಳೇ ಬಿಸ್ಕತ್ತಿನ ಡಬ್ಬಿ ಇದೆ. ಅದರೊಳಗೆ ನನ್ನ ಹೆಂಡತಿ ಗಿರಿಜಾಳ ಹಳೇ ಸೀರೆಯ ತುಂಡು. ಆ ತುಂಡಿನೊಳಗೆ ಅಡಕೆಕತ್ತರಿಯಂಥ ಒಂದು ಕಬ್ಬಿಣದ ಸಾಮಾನು. ಹಿಡಿ ಎರಡು, ಮೂತಿ ಒಂದು. ಮೂತಿ ಬಿಡಿಸಿದರೆ ಎರಡೂ ಕೆನ್ನೆಯಲ್ಲಿ ನೆಲಗಡಲೆ ಬೀಜದಷ್ಟು ಅರ್ಧರ್ಧ ಗುಳಿ. ಮುಚ್ಚಿ, ಮೇಲಿನ ತೂತಿನಿಂದ ಕರಗಿದ ಸೀಸ ಹುಯ್ದರೆ ಒಂದು ಗುಂಡು. ಅಡಕೆಗೂ ಇದಕ್ಕೂ ಸಂಬಂಧವಿಲ್ಲ. ಇದು ಬಂದೂಕಿನ ಗುಂಡು ಎರೆಯುವ ಅಚ್ಚು.

ಗಾಬರಿಯಾಗಬೇಡಿ. ಗಾಬರಿಯಾಗುವ ಕೆಲಸವನ್ನು ಆರು ವರ್ಷದಿಂದ ನಿಮ್ಮ ಪರವಾಗಿಯೂ ನಾನೇ ಮಾಡುತ್ತಿದ್ದೇನೆ.

ಇದನ್ನು ನನಗೆ ಕೊಟ್ಟವರು ಸೋಮವಾರಪೇಟೆ ಕಡೆಯ ನನ್ನ ಸೋದರಮಾವ ಜೋಯಪ್ಪ. ಅವರು ತೀರಿಕೊಳ್ಳುವ ಮುಂಚಿನ ಬೇಸಿಗೆಯಲ್ಲಿ ನಾನು ಊರಿಗೆ ಹೋಗಿದ್ದೆ. ವಾಪಸು ಹೊರಟಾಗ, ಜಗಲಿಯ ಮೇಲೆ ಕೂತಿದ್ದವರು ಮಡಿಲಿನಿಂದ ಇದನ್ನು ತೆಗೆದು ನನ್ನ ಕೈಗಿಟ್ಟರು.

"ಹಿಡಿ ಮ್ಯಾಲೆ ಏನ್ ಬರ್ದದೆ ಓದು."

ಓದಿದೆ. ಇಂಗ್ಲಿಷಿನಲ್ಲಿ 'ಲಂಡನ್' ಅಂತ ಕೊರೆದಿತ್ತು.

"ಅದರ ಊರಿಗೇ ತಕೊಂಡೋಗು ಚೆನ್ನ. ನಂಗಿನ್ನೇನು. ಒರಸಿ ಇಟ್ಕೊ, ತೊಳೀಬ್ಯಾಡ."

ಹೂಂ ಅಂದೆ. ಎಣ್ಣೆ ಸವರು, ಬಿಸಿಲಿಗಿಡಬೇಡ ಅಂತೆಲ್ಲ ಹಿರಿಯರು ಹೇಳುತ್ತಾರಲ್ಲ, ಅಂಥದೊಂದು ಮಾತು ಅಂದುಕೊಂಡು ಬ್ಯಾಗಿಗೆ ಹಾಕಿದೆ.

ಹೀಥ್ರೂನಲ್ಲಿ ಕಸ್ಟಮ್ಸಿನ ಹುಡುಗಿ ಅದನ್ನು ಎತ್ತಿ ಹಿಡಿದು ಏನಿದು ಅಂದಳು. ಬಾಯಿಗೆ ಬಂದದ್ದು, "ಬೀಟಲ್ ನಟ್ ಕಟರ್." ಬೀಟಲ್ ನಟ್ ಅಂದರೇನು ಅಂದಳು. ಅದನ್ನು ವಿವರಿಸುವಷ್ಟರಲ್ಲಿ ಅಡಕೆಗೂ ಈ ದೇಶದಲ್ಲಿ ಏನಾದರೂ ನಿಷೇಧ ಇದ್ದರೆ ಗತಿಯೇನು ಅನ್ನಿಸಿ ಬೆನ್ನು ಒದ್ದೆಯಾಯಿತು. ಅವಳಿಗೆ ಬೇಜಾರು ಬಂತೋ ಏನೋ, ಬಿಟ್ಟಳು. "ಹ್ಯಾವ್ ಎ ನೈಸ್ ಡೇ," ಅಂದಳು. ಅವತ್ತಿನಿಂದ ನನಗೆ ನೈಸ್ ಡೇ ಸಿಕ್ಕಿಲ್ಲ. ಅಚ್ಚು ಇಟ್ಟುಕೊಂಡರೆ ತಪ್ಪೇನೂ ಇಲ್ಲ, "ಐ ಚೆಕ್ಡ್ ಅಪ್ಪಾ," ಅಂತ ಮಗಳು ಕಾವ್ಯ ಸಾರಿ ಸಾರಿ ಹೇಳಿದ್ದಾಳೆ. ಆದರೂ ಲಂಡನ್ನಿನ ಇಲ್ಫರ್ಡಿನ ನಮ್ಮ ಬೀದಿಯಲ್ಲಿ ಪೊಲೀಸ್ ವ್ಯಾನಿನ ಸದ್ದು ಕೇಳಿದರೆ ನನ್ನ ಕಿವಿ ಶೆಡ್ಡಿನ ಕಡೆಗೇ ತಿರುಗುತ್ತದೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅದನ್ನು ಮುಚ್ಚಿಡುವ ಜಾಯಮಾನ ನನ್ನದಲ್ಲ, ಬೇಕಾದರೆ ಸ್ವಲ್ಪ ಜಾಸ್ತಿಯೇ ಹೇಳಿಕೊಳ್ಳುತ್ತೇನೆ. ಗಿರಿಜಾ ನರ್ಸ್. ಇಪ್ಪತ್ತೈದು ವರ್ಷದ ಹಿಂದೆ ಇಲ್ಲಿನ ಆಸ್ಪತ್ರೆಗೆ ಅವಳನ್ನು ಕರೆದಾಗ ಅವಳ ಬೆನ್ನ ಹಿಂದೆ ಬಂದವನು ನಾನು. ನನ್ನ ವೀಸಾದ ಮೇಲೆ 'ಡಿಪೆಂಡೆಂಟ್' ಅಂತ ಇತ್ತು. ಆ ಪದದ ಅರ್ಥ ಅವಳೇ ಹೇಳಿಕೊಟ್ಟಳು. ಬಂದ ಎರಡನೇ ವಾರಕ್ಕೇ ನಾನು ಏಣಿ ಹತ್ತಿದೆ. ಈ ಊರಿನ ಹಳೇ ಮನೆಗಳಲ್ಲಿ ಚಿಮಣಿಯ ಬುಡದಲ್ಲಿ ನೀರು ಸೋರದ ಹಾಗೆ ಸೀಸದ ತಗಡು ಬಡಿದು ಕೂರಿಸುತ್ತಾರೆ. ಆ ಕೆಲಸ ನನ್ನದು. ಪಿನ್ನರಿನಲ್ಲಿ ನಮ್ಮ ಧಾರವಾಡದ ಡಾಕ್ಟರೊಬ್ಬರ ಮನೆಗೆ ನಾನು ಬಡಿದ ತಗಡು ಹದಿನೆಂಟು ಮಳೆಗಾಲ ಕಂಡಿದೆ, ಒಂದು ಹನಿ ಒಳಗೆ ಬಿಟ್ಟಿಲ್ಲ. ಬೇರೆ ಯಾರ ಮಾತು ಕೇಳದಿದ್ದರೂ ಸೀಸ ನನ್ನ ಮಾತು ಕೇಳುತ್ತದೆ. "ಎಲ್ಲಿ ಕಲಿತೆ?" ಅಂತ ಮೊದಲ ಗುತ್ತಿಗೆದಾರ ಕೇಳಿದಾಗ "ಮನೆಯಲ್ಲಿ" ಅಂದಿದ್ದೆ. ಅದು ಸುಳ್ಳಲ್ಲ.

ಸುಳ್ಳು ಹೇಳಿದ್ದು ಆಮೇಲೆ. ಈ ವರ್ಷ, ಬೀಗರಿಗೆ.

ಕಾವ್ಯ ಸಿಟಿಯ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ. ಅಲ್ಲೇ ಟೈಲರ್ ಅನ್ನುವ ಅಮೆರಿಕದ ಹುಡುಗನನ್ನು ಮೆಚ್ಚಿಕೊಂಡಳು. ಒಳ್ಳೇ ಹುಡುಗ, ಕೋಳಿ ಸಾರಿಗೆ ಎರಡನೇ ಸಲ ಬಟ್ಟಲು ಒಡ್ಡುತ್ತಾನೆ. ತಾಯಿ ಇಲ್ಲ. ತಂದೆ ಡೇಲ್ ಟೆಕ್ಸಾಸಿನಲ್ಲಿ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು. ಜಗತ್ತಿನಲ್ಲಿ ಎಷ್ಟೊಂದು ಕಸುಬುಗಳಿವೆ, ನನ್ನ ಬೀಗರು ಮೇಷ್ಟ್ರೇ ಆಗಬೇಕಿತ್ತೆ!

ಬೇಸಿಗೆಯಲ್ಲಿ ಒಂದು ಭಾನುವಾರ ವಿಡಿಯೋ ಕಾಲ್ ಮಾಡಿ ಪರಿಚಯ ಮಾಡಿಸಿದರು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಶಾಲೆಯಲ್ಲಿ ಕೂರುತ್ತಿದ್ದ ಹಾಗೆ ಕೈಕಟ್ಟಿ ಕೂತೆ. ಹವಾಮಾನ ಮುಗಿಯಿತು. ಟೈಲರನ ಬಾಲ್ಯ ಮುಗಿಯಿತು. ಮಾತು ಹುಡುಕುತ್ತ ಡೇಲ್ ಒಂದು ಫೋಟೋ ತೋರಿಸಿದರು. ಕಾಡು ಟರ್ಕಿ. ಕ್ರಿಸ್‌ಮಸ್ ಹೊತ್ತಿಗೆ ಸೂಪರ್ ಮಾರ್ಕೆಟ್ಟಿನಲ್ಲಿ ಮಲಗಿರುವ ಬಿಳೀ ದಿಂಬಲ್ಲ ಅದು. ತಾಮ್ರದ ಹಂಡೆಗೆ ಬಿಸಿಲು ಬಿದ್ದ ಹಾಗೆ ಮೈ, ಎದೆಯಿಂದ ಜೋತ ಗಡ್ಡ. ಪ್ರತಿ ಏಪ್ರಿಲ್ ಅದನ್ನು ಬೇಟೆಯಾಡುತ್ತಾರಂತೆ, ಅದೂ ಒಂದು ಸಣ್ಣ ನಳಿಗೆಯ ಹಳೇ ರೈಫಲ್ಲಿನಲ್ಲಿ, ತಾವೇ ಎರೆದ ಸೀಸದ ಗುಂಡಿನಲ್ಲಿ.

ಅವರ ಇಂಗ್ಲಿಷನ್ನು ನಮ್ಮ ಮಾತಿನಲ್ಲೇ ಹೇಳುತ್ತೇನೆ. "ದೊಡ್ಡ ಗುಂಡು ಹೊಡೆದರೆ ಎದೆ ಮಾಂಸ ಎಲ್ಲಾ ಚಿಂದಿ ಆಗುತ್ತೆ," ಅಂದರು. "ಸಣ್ಣ ಗುಂಡು, ನಿಧಾನದ ಗುಂಡು, ಒಂದೇ ತೂತು ಮಾಡುತ್ತೆ. ಆದರೆ ಹತ್ತಿರ ಹೋಗಬೇಕು. ಕಾಯಬೇಕು."

ಜೋಯಪ್ಪ ಮಾವ ಹೇಳುತ್ತಿದ್ದದ್ದೂ ಇದನ್ನೇ: "ದೊಡ್ಡ ಗುಂಡ್ ಹೊಡ್ದೋನು ಪುಕ್ಕ ತರ್ತಾನೆ, ಸಣ್ಣ ಗುಂಡ್ ಹೊಡ್ದೋನು ಸಾರು ತರ್ತಾನೆ." ಕಟ್ಟಿದ ಕೈ ತಾನಾಗಿ ಬಿಚ್ಚಿತು. "ನಮ್ಮಲ್ಲೂ ಇತ್ತು! ಸಣ್ಣ ರೈಫಲ್! ಸೀಸದ ಗುಂಡು! ಕಾಡುಕೋಳಿ!" ಅಂದೆ.

"ಓಹೋ! ನೀವೂ ಹೊಡೆದಿದ್ದೀರಾ?"

ಇಲ್ಲ ಅನ್ನಬೇಕಿತ್ತು. ಪಕ್ಕದಲ್ಲಿ ಕೂತಿದ್ದ ಕಾವ್ಯ ನನ್ನ ಮುಖ ನೋಡಿದಳು. ಅವಳ ಶಾಲೆಯ ಪೇರೆಂಟ್ಸ್ ಈವನಿಂಗುಗಳಲ್ಲಿ ಕೊನೇ ಕುರ್ಚಿಯಲ್ಲಿ ಬಾಯಿ ಬಿಡದೆ ಕೂರುತ್ತಿದ್ದ ಅಪ್ಪ ಇವನೇನಾ ಅನ್ನುವ ಹಾಗೆ ನೋಡಿದಳು. ಆ ನೋಟಕ್ಕಾಗಿ ನಾನು ಎಂಪೈರ್ ಸ್ಟೇಟ್ ಬಿಲ್ಡಿಂಗಿಗೂ ತಗಡು ಹೊಡೆದಿದ್ದೇನೆ ಅಂದುಬಿಡುತ್ತಿದ್ದೆ.

"ಯೆಸ್," ಅಂದೆ. "ಮೆನಿ. ಮೆನಿ."

"ಅಪ್ಪಾ! ಯು ನೆವರ್ ಟೋಲ್ಡ್ ಮಿ!" ಅಂದವಳೇ, ಡೇಲ್ ಕಡೆ ತಿರುಗಿ, ಅದರ ಅಚ್ಚು ಇನ್ನೂ ನಮ್ಮ ಶೆಡ್ಡಿನಲ್ಲಿದೆ ಅಂತಲೂ ಹೇಳಿದಳು. ಡೇಲ್ ಕುರ್ಚಿಯಿಂದ ಮುಂದಕ್ಕೆ ಬಾಗಿದರು. ಅಕ್ಟೋಬರಿನಲ್ಲಿ ಲಂಡನ್ನಿಗೆ ಬರುತ್ತೇನೆ, ಅದನ್ನು ನೋಡಲೇಬೇಕು. ಬರುವ ಏಪ್ರಿಲ್ಲಿಗೆ ನೀವು ಟೆಕ್ಸಾಸಿಗೆ ಬರಬೇಕು, ಇಬ್ಬರೂ ಟರ್ಕಿಗೆ ಹೋಗೋಣ. ಅಷ್ಟು ಹೇಳಿ ಬೀಗರು ಮಾಯವಾದರು. ಪರದೆ ಕಪ್ಪಾಯಿತು. ಅದರಲ್ಲಿ ನನ್ನ ಮುಖ ಕಂಡಿತು.

ಕಾವ್ಯ ಹೋದ ಮೇಲೆ ಗಿರಿಜಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ರೀ, ಮದುವೆ ಆಗಿ ಇಪ್ಪತ್ತೆಂಟು ವರ್ಷ ಆಯ್ತು. ಟಬ್ಬಲ್ಲಿ ಜೇಡ ಬಿದ್ರೆ ಲೋಟದಲ್ಲಿ ಹಿಡಿದು ತೋಟಕ್ಕೆ ಬಿಟ್ಟು ಬರ್ತೀರಿ. ಕಾಡುಕೋಳಿ ಯಾವಾಗ ಹೊಡೆದ್ರಿ?"

"ಚಿಕ್ಕೋನಿದ್ದಾಗ."

"ಎಷ್ಟು ಚಿಕ್ಕೋರಿದ್ದಾಗ? ತೊಟ್ಟಿಲಲ್ಲಾ?"

ಅಲ್ಲಿಂದ ಅಕ್ಟೋಬರಿನವರೆಗೆ ನನ್ನ ಪಾಡು ಕೇಳಬೇಡಿ. ಫೋನಿನಲ್ಲಿ ಬೇಟೆಯ ವಿಡಿಯೋ ನೋಡಿದೆ. ಕೊಡೆ ಹಿಡಿದು ಹೆಗಲಿಗಾನಿಸಿ ಅಭ್ಯಾಸ ಮಾಡಿದೆ. ಡೇಲ್ ಬರುವ ಹಿಂದಿನ ದಿನ ಕಡುಬಿಗೆ ಅಕ್ಕಿತರಿ ತರಲು ಗಿರಿಜಾ ನನ್ನನ್ನು ರೇನರ್ಸ್ ಲೇನಿಗೆ ಕಳಿಸಿದಳು. ಇಲ್ಫರ್ಡಿನ ತುಂಬ ನಮ್ಮ ಅಂಗಡಿಗಳಿದ್ದರೂ ತರಿ ಅಂದರೆ ರೇನರ್ಸ್ ಲೇನಿನದೇ ಅಂತ ಅವಳ ನಂಬಿಕೆ. ಲಂಡನ್ನಿನ ಆ ತುದಿಯಿಂದ ಈ ತುದಿಗೆ ಟ್ಯೂಬಿನಲ್ಲಿ ಕೂತು ಬರುವಾಗ, ಮಡಿಲಲ್ಲಿ ತರಿಯ ಚೀಲ ಇಟ್ಟುಕೊಂಡು, ಗುರಿ ಹಿಡಿಯುವಾಗ ಮುಚ್ಚುವುದು ಎಡಗಣ್ಣೋ ಬಲಗಣ್ಣೋ ಅಂತ ಒಂದೊಂದೇ ಮುಚ್ಚಿ ನೋಡಿದೆ. ಎದುರಿಗಿದ್ದ ಹೆಂಗಸು ಎದ್ದು ಬೇರೆ ಕಡೆ ಹೋಗಿ ಕೂತಳು.

ಎಡಗಣ್ಣು ಮುಚ್ಚಬೇಕು. ಬಲಗಣ್ಣಲ್ಲಿ ನೋಡಬೇಕು. ಅದು ನನಗೆ ಚೆನ್ನಾಗಿ ಗೊತ್ತು. ಮಾವ ಹಾಗೇ ಮಾಡುತ್ತಿದ್ದರು, ಆ ಬಲಗಣ್ಣು ಇದ್ದಷ್ಟು ದಿನ.

ಅಪ್ಪ ಇಲ್ಲದ ನಾನು ಅಮ್ಮನ ಜೊತೆ ಮಾವನ ಮನೆಯಲ್ಲೇ ಬೆಳೆದವನು. ಮಾವನ ರೈಫಲ್, ಇಂಗ್ಲಿಷ್ ದೊರೆಯೊಬ್ಬ ಕಾಫಿ ಎಸ್ಟೇಟು ಮಾರಿ ಹೋಗುವಾಗ ಅವರ ಅಪ್ಪನಿಗೆ ಬಿಟ್ಟು ಹೋದದ್ದು. ದೊರೆಯ ದೇಶದಲ್ಲಿ ಅದು ಕಾಗೆ ಹೊಡೆಯುವ ಬಂದೂಕಂತೆ. ಅದಕ್ಕೆ ತೋಟಾ ಎಲ್ಲೂ ಸಿಗುತ್ತಿರಲಿಲ್ಲ. ಹಾಗಾಗಿ ಖಾಲಿ ತೋಟಾಗಳನ್ನೇ ಮತ್ತೆ ಮತ್ತೆ ತುಂಬಬೇಕು, ಗುಂಡನ್ನು ಮನೆಯಲ್ಲೇ ಎರೆಯಬೇಕು. ಬೇಟೆಗೆ ಕಾನೂನು ಅಡ್ಡ ಬಂದಿದ್ದ ಕಾಲವೇ ಅದು. ಮಾವನ ಪರವಾಗಿ ನಾನು ವಕಾಲತ್ತು ವಹಿಸುವುದಿಲ್ಲ. ಆದರೆ ಗುಂಡು ಎರೆಯುವ ದಿನದ ಖುಷಿಯನ್ನು ಇಲ್ಲ ಅನ್ನಲಾರೆ. ಇದ್ದಿಲ ಒಲೆ, ಕಬ್ಬಿಣದ ಸೌಟು, ಹಳೇ ಪೈಪಿನ ಸೀಸ. ಕರಗಿದಾಗ ಒಂದು ಚೂರು ಜೇನುಮೇಣ ಹಾಕಿದರೆ ಹೊಗೆ ಎದ್ದು ಕಿಟ್ಟವೆಲ್ಲ ಮೇಲೆ ಬರುತ್ತದೆ. ಅದನ್ನು ಬಳಿದು ತೆಗೆದರೆ ಕೆಳಗೆ ಕನ್ನಡಿ. ಅಚ್ಚನ್ನು ಕೆಂಡದ ಮೇಲೆ ಬೆಚ್ಚಗೆ ಮಾಡಿ ಹುಯ್ಯಬೇಕು. ಹುಯ್ದು, ಹತ್ತು ಎಣಿಸಿ, ಬಿಡಿಸಿದರೆ ಗೋಣಿಯ ಮೇಲೆ ಟಪ್ ಅಂತ ಒಂದು ಗುಂಡು. ಮೊದಲ ನಾಲ್ಕೈದು ಸುಕ್ಕುಸುಕ್ಕು, ವಾಪಸು ಸೌಟಿಗೆ. ಆಮೇಲಿನವು ಹೊಸ ಪಾವಲಿಯಂತೆ ಹೊಳೆಯುತ್ತವೆ. ಹುಯ್ಯುವ ಕೆಲಸವನ್ನು ಮಾವ ನನಗೆ ಹನ್ನೊಂದನೇ ವಯಸ್ಸಿಗೇ ಕಲಿಸಿದ್ದರು. ಬಂದೂಕು ಮಾತ್ರ ಮುಟ್ಟಲು ಬಿಟ್ಟವರಲ್ಲ. ಒಂದು ಸಲವೂ.

ನನಗೆ ಹನ್ನೆರಡು. ಆಯುಧಪೂಜೆ. "ಎಲ್ಲಾ ಸಾಮಾನು ತೊಳ್ದಿಡ್ಲಾ," ಅಂತ ಅತ್ತೆ ಹೇಳಿ ಹೋದರು. ಕತ್ತಿ, ಗುದ್ದಲಿ, ಕೊಡಲಿ ಎಲ್ಲ ತೊಳೆದೆ. ಮಾವ ಮಾತ್ರ ಅಚ್ಚನ್ನು ಯಾವತ್ತೂ ತೊಳೆದವರಲ್ಲ, ಮೇಲೊಂದು ಬೊಟ್ಟು ಇಟ್ಟು ಬಿಡುತ್ತಿದ್ದರು. ನನಗೆ ಭಕ್ತಿ ಜಾಸ್ತಿಯಾಯಿತು. ಗುಂಡು ಎರೆಯುವವನು ನಾನು, ಅಂದ ಮೇಲೆ ಅದು ನನ್ನ ಆಯುಧ. ಹುಣಸೆಹಣ್ಣು ಬೂದಿ ಹಾಕಿ ಬಾವಿಕಟ್ಟೆಯಲ್ಲಿ ಫಳಫಳ ಉಜ್ಜಿದೆ. ಮೂತಿ ಬಿಗಿಯಾಗಿ ಮುಚ್ಚಿ, ಮೇಲೆಲ್ಲ ಕುಂಕುಮ ಕಲಸಿ ಹಚ್ಚಿ, ಒದ್ದೆ ಹೂವಿನ ಕೆಳಗೆ ಇಟ್ಟೆ. ಒಳಗೆ ನೀರು ನಿಂತಿತ್ತು. ಪೂಜೆಯ ಕೋಣೆಯ ತಂಪಿನಲ್ಲಿ ನಿಂತೇ ಇತ್ತು.

ಮಾರನೇ ಬೆಳಗ್ಗೆ ವಿಜಯದಶಮಿ. ಮಾವನ ಮಗಳನ್ನು ನೋಡಲು ಬೀಗರಾಗುವವರು ಬರುವುದಿತ್ತು. ಮಾವನಿಗೆ ಅವಸರ, ಅವರ ಊಟಕ್ಕೊಂದು ಕಾಡುಕೋಳಿ ತರಲು ಎರಡು ಗುಂಡು ಸಾಕು ಅಂದರು. ಅಚ್ಚನ್ನು ಕೆಂಡಕ್ಕೆ ಹಿಡಿಯಲಿಲ್ಲ. ನನ್ನ ಕೈಯಿಂದ ಸೌಟು ತೆಗೆದುಕೊಂಡು, ಬಗ್ಗಿ ತಾವೇ ಹುಯ್ದರು.

ಕಾದ ಸೀಸಕ್ಕೆ ಒಂದು ಹನಿ ನೀರು ಸಿಕ್ಕಿದರೆ ಏನಾಗುತ್ತದೆ ಅನ್ನುವುದನ್ನು ಬರೆಯುವುದು ಬೇಡ. ಸೀಸ ಸಿಡಿದು ಮಾವನ ಬಲಗಣ್ಣು ಹೋಯಿತು. ಬೀಗರಾಗುವವರು ಬಾಗಿಲಿಗೆ ಬಂದು ಹಾಗೇ ತಿರುಗಿದರು. ತಿಂಗಳು ಕಳೆದು ಮಾವ ರೈಫಲ್ಲನ್ನು ಠಾಣೆಗೆ ಒಪ್ಪಿಸಿದರು. ಅವರು ಕೆಲಸಕ್ಕೆ ಹೋಗದ ಆರು ತಿಂಗಳು ಮನೆ ನಡೆಯಬೇಕಲ್ಲ, ನಾನು ಪುಸ್ತಕ ಕಟ್ಟಿಟ್ಟು ಎಸ್ಟೇಟಿನ ವರ್ಕ್‌ಶಾಪಿಗೆ ಸೇರಿದೆ. ಮಾವನ ಮೇಲೆ ಎಂಥ ಪ್ರೀತಿ ಅಂದರು ಜನ. ಮಳೆಗಾಲದ ತೇವ ಅಚ್ಚಿಗೆ ಇಳಿದಿತ್ತು ಅಂತ ಮಾವ ಅಂದರು, ಎಲ್ಲರೂ ನಂಬಿದರು. ನಾನು ಬಾಯಿ ಬಿಡಲಿಲ್ಲ. ಶಾಲೆ ತಲೆಗೆ ಹತ್ತಲಿಲ್ಲ, ಬಿಟ್ಟೆ ಅಂತ ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತೇನಲ್ಲ, ಆ ಹೆಮ್ಮೆಯ ಕೆಳಗಿರುವ ಕಿಟ್ಟ ಇದು.

ಶನಿವಾರ ಮಧ್ಯಾಹ್ನ ಟೆಕ್ಸಾಸಿನ ಬೀಗರು ಬಂದರು. ಟೈಲರನಿಗೆ ಅವತ್ತೇ ಆಫೀಸಿನ ಕೆಲಸ ಬಿದ್ದು, ಅವರನ್ನು ಕಾವ್ಯಳೇ ಕರೆತಂದಳು. ಎತ್ತರದ ಆಳು, ಜೇಬಿನಲ್ಲಿ ಪೆನ್ನು. ಮೇಷ್ಟ್ರ ಜೇಬಿನ ಪೆನ್ನು ಟೆಕ್ಸಾಸಿನಲ್ಲೂ ಅಷ್ಟೇ ಹೆದರಿಸುತ್ತದೆ. ನನಗೆ ಉಡುಗೊರೆ ಅಂತ ಮರದ ಒಂದು ಸಣ್ಣ ಪೆಟ್ಟಿಗೆ ತಂದಿದ್ದರು. ಅದರ ಮುಚ್ಚಳ ಎಳೆದು ಉಜ್ಜಿದರೆ ಥೇಟ್ ಹೆಣ್ಣು ಟರ್ಕಿಯ ಕೂಗು. ಅದನ್ನು ಕೇಳಿ ಗಂಡು ಬರುತ್ತದಂತೆ. ಅವರು ಎರಡು ಸಲ ಉಜ್ಜಿದಾಗ ಪಕ್ಕದ ಮನೆಯ ನಾಯಿ ಬಂತು.

"ಉಜ್ಜಿ ನೋಡಿ ಚೆನ್, ನೀವು ಕಾಡುಕೋಳಿಯನ್ನು ಹೇಗೆ ಕರೆಯುತ್ತಿದ್ದಿರಿ?"

"ನಾವು ಕರೆಯುತ್ತಿರಲಿಲ್ಲ," ಅಂದೆ. "ಅವೇ ಬರುತ್ತಿದ್ದವು."

ಗಿರಿಜಾ ಕೆಮ್ಮಿದಳು.

ಕಡುಬು, ಕೋಳಿ ಸಾರು ಆಯಿತು. ಕೈಯಲ್ಲೇ ಉಂಡರು, ಬೆರಳು ನೆಕ್ಕಿದರು. ಕೈ ತೊಳೆದು ಬಂದವರೇ, "ಎಲ್ಲಿ ಆ ಅಚ್ಚು?" ಅಂದರು. ಕಾವ್ಯ ಆಗಲೇ ಡಬ್ಬಿ ತಂದಿಟ್ಟಿದ್ದಳು.

ಡೇಲ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಹಣೆಗೇರಿಸಿ, ಮೂತಿ ಬಿಡಿಸಿದರು. ಉತ್ತರ ಪತ್ರಿಕೆ ತಿದ್ದುವ ಹಾಗೆ ಒಂದೊಂದೇ ಕೆನ್ನೆ ನೋಡಿದರು.

"ಒಳ್ಳೇ ಕೆಲಸಗಾರ ಮಾಡಿದ್ದು. ಆದರೆ ಒಳಗೆ ತುಕ್ಕು ಕಚ್ಚಿದ ಹಾಗೆ ಸಣ್ಣ ಸಣ್ಣ ಗುಳಿಗಳು ಬಿದ್ದಿವೆ. ಯಾವತ್ತೋ ಯಾರೋ ನೀರು ಬಿಟ್ಟಿದ್ದಾರೆ." ಉಗುರಿನಿಂದ ಹಿಡಿಯ ಕೀಲನ್ನು ಕೆರೆದರು. "ಇಲ್ಲಿ ಏನೋ ಕೆಂಪಗಿದೆ. ತುಕ್ಕು ಇಷ್ಟು ಕೆಂಪಗಿರೋದಿಲ್ಲವಲ್ಲ?"

ತುಕ್ಕೇ ಅಂದಿದ್ದರೆ ಮುಗಿಯುತ್ತಿತ್ತು. ಮಗಳು ಅದೇ ನೋಟ ಹೊತ್ತು, ನನ್ನ ಬಾಯಿಂದ ಒಂದು ಬೇಟೆಯ ಕಥೆ ಬೀಳುತ್ತದೆ ಅಂತ ಕಾಯುತ್ತಿದ್ದಳು. ಆದರೆ ಆ ಉಗುರಿನ ತುದಿಯಲ್ಲಿ ನಲವತ್ತೆಂಟು ವರ್ಷದ ಹಿಂದಿನ ಕುಂಕುಮದ ಚೂರು ಇತ್ತು. ನಾನೇ ಕಲಸಿದ್ದು.

"ತುಕ್ಕಲ್ಲ. ಕುಂಕುಮ," ಅಂದೆ. "ನಾನು ಒಂದು ಕೋಳಿಯನ್ನೂ ಹೊಡೆದಿಲ್ಲ. ಬಂದೂಕು ಮುಟ್ಟಿಯೂ ಇಲ್ಲ."

ಆಮೇಲೆ ಎಲ್ಲ ಹೇಳಿದೆ. ಕಟ್ಟಡದ ಕೆಲಸದಲ್ಲಿ ಕಲಿತ ನನ್ನ ಇಂಗ್ಲಿಷಿನಲ್ಲಿ ಆಗಲಿಲ್ಲ. ಕನ್ನಡದಲ್ಲಿ ಹೇಳಿದೆ, ಕಾವ್ಯ ಡೇಲ್‌ಗೆ ಹೇಳುತ್ತ ಹೋದಳು. ಅವಳ ಮುಖ ನೋಡಲಿಲ್ಲ, ಮೇಜಿನ ಮೇಲಿದ್ದ ಕಡುಬಿನ ಪಾತ್ರೆ ನೋಡಿಕೊಂಡು ಹೇಳಿದೆ.

ಮೊದಲು ಮಾತಾಡಿದ್ದು ಗಿರಿಜಾ. "ಅದಕ್ಕೇನಾ? ಪ್ರತಿ ವರ್ಷ ಆಯುಧಪೂಜೆಗೆ ವ್ಯಾನು ತೊಳೀತೀರಿ, ಏಣಿ ತೊಳೀತೀರಿ, ಸೀಸದ ಸಾಮಾನು ಮಾತ್ರ ಒಣ ಬಟ್ಟೇಲಿ ಒರೆಸಿ ಎತ್ತಿಡ್ತೀರಿ. ಸೋಮಾರಿತನ ಅಂತ ಎಷ್ಟು ಬೈದಿದ್ದೀನಲ್ರೀ ನಾನು."

ಡೇಲ್ ಕನ್ನಡಕ ಇಳಿಸಿಕೊಂಡರು. "ನಿಮ್ಮ ಮಾವನಿಗೆ ಇದು ಗೊತ್ತಿತ್ತಾ?"

"ಇಲ್ಲ. ಗೊತ್ತಾಗದ ಹಾಗೆ ನೋಡಿಕೊಂಡೆ. ಅವರು ಸಾಯೋವರೆಗೂ ಅದೇ ಭಯ ನನಗೆ."

"ಇದನ್ನ ಕೊಡುವಾಗ ಏನಾದರೂ ಹೇಳಿದರಾ?"

"ಏನಿಲ್ಲ. ಲಂಡನ್ ಅಂತ ಬರೆದಿದೆ, ಅದರ ಊರಿಗೇ ತಗೊಂಡು ಹೋಗು ಅಂದರು. ಒರೆಸಿ ಇಟ್ಕೊ, ತೊಳೀಬೇಡ ಅಂದರು. ಅಷ್ಟೇ."

ಕಾವ್ಯ ಅದನ್ನು ಇಂಗ್ಲಿಷಿಗೆ ತಿರುಗಿಸತೊಡಗಿದಳು. "ಹಿ ಸೆಡ್, ವೈಪ್ ಇಟ್, ಡೋಂಟ್..." ಅಂದವಳು ಅಲ್ಲೇ ನಿಂತಳು. ನನ್ನ ಕಡೆ ತಿರುಗಿದಳು. ಹುಟ್ಟಿದಾಗಿನಿಂದ ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, ಮೆಲ್ಲಗೆ ಅಂದಳು:

"ಅಪ್ಪಾ, ಅಜ್ಜಂಗೆ ಗೊತ್ತಿತ್ತು."

ಆರು ವರ್ಷದಿಂದ ಡಬ್ಬಿಯಲ್ಲಿದ್ದ ಮಾತು. ಅಚ್ಚನ್ನು ಬಟ್ಟೆಯಲ್ಲಿ ಸುತ್ತಿಟ್ಟ ಹಾಗೆ ಅದನ್ನೂ ಸುತ್ತಿಟ್ಟಿದ್ದೆ. ಬಿಚ್ಚಿ ನೋಡಲು ನನಗೆ ಧೈರ್ಯ ಇರಲಿಲ್ಲ ಅಂತ ಕಾಣುತ್ತದೆ. ಸೀಸ ಸಿಡಿದ ಆ ಬೆಳಗ್ಗೆಯೇ, ಉಜ್ಜಿ ಫಳಫಳ ಮಾಡಿದ ಅಚ್ಚು ಕೈಗೆ ಬಂದ ಕ್ಷಣವೇ ಅವರು ಕಂಡಿರಬೇಕಲ್ಲವೆ? ಕಂಡೂ ಮಳೆಗಾಲದ ತೇವ ಅಂದರು. ನಲವತ್ತೆರಡು ವರ್ಷ ಒಂದೇ ಕಣ್ಣಿನಲ್ಲಿ ನನ್ನನ್ನು ನೋಡಿದರು. ಊರಿಗೆ ಹೋದಾಗಲೆಲ್ಲ ಜಗಲಿಯಲ್ಲಿ ಎದುರು ಬದುರು ಕೂತು ಕಾಫಿ ಕುಡಿದಿದ್ದೇವೆ. ಗೊತ್ತಾಗಬಾರದು ಅಂತ ನಾನು, ಗೊತ್ತಿದೆ ಅಂತ ಗೊತ್ತಾಗಬಾರದು ಅಂತ ಅವರು.

ಗಿರಿಜಾ ಎದ್ದು ಕಾಫಿಗಿಟ್ಟಳು. ಕಾವ್ಯ ತನ್ನ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡಳು. ಡೇಲ್ ಜೇಬಿನಿಂದ ಕರವಸ್ತ್ರ ತೆಗೆದು ಅಚ್ಚಿನ ಎರಡೂ ಕೆನ್ನೆ ಒರೆಸಿದರು. ಕೀಲಿನ ಕೆಂಪನ್ನು ಮಾತ್ರ ಮುಟ್ಟಲಿಲ್ಲ. ಮುಚ್ಚಿ ನನ್ನ ಕೈಗೆ ಕೊಟ್ಟರು.

"ಏಪ್ರಿಲ್ಲಿಗೆ ಇದನ್ನೂ ತನ್ನಿ. ನನ್ನ ರೈಫಲ್ಲಿಗೆ ಈ ಅಳತೆ ಕೂಡದಿದ್ದರೂ ಪರವಾಗಿಲ್ಲ. ಎರೆಯೋದು ನೀವು, ಹೊಡೆಯೋದು ನಾನು."

ಟಿಕೆಟ್ಟಾಗಿದೆ. ಈಗ ಹೊಸ ಚಿಂತೆ. ಟರ್ಕಿ ಎಷ್ಟು ದೊಡ್ಡದೋ, ಅದಕ್ಕೆ ಸಿಟ್ಟು ಬರುತ್ತದೋ, ಟೆಕ್ಸಾಸಿನ ಹಾವುಗಳ ವಿಷಯ ಡೇಲ್ ಯಾಕೆ ಎತ್ತಲೇ ಇಲ್ಲವೋ. ಅದಕ್ಕಿಂತ ಮೊದಲು ಹೀಥ್ರೂ ಇದೆ.

"ಈ ಸಲ ಅಡಕೆಕತ್ತರಿ ಅಂತ ಹೇಳಿ ಮಾನ ಕಳೀಬೇಡಿ," ಅಂದಿದ್ದಾಳೆ ಗಿರಿಜಾ.

ಇಲ್ಲ. ಗುಂಡಿನ ಅಚ್ಚು ಅಂತಲೇ ಹೇಳುತ್ತೇನೆ. ನನ್ನ ಮಾವನದು, ಕೀಲಿನಲ್ಲಿರುವ ಕೆಂಪು ನನ್ನದು ಅಂತ ಹೇಳುತ್ತೇನೆ. ಇಂಗ್ಲಿಷ್ ವಾಕ್ಯವನ್ನು ಕಾವ್ಯ ಬರೆದುಕೊಟ್ಟಿದ್ದಾಳೆ, ದಿನಾ ಏಣಿಯ ಮೇಲೆ ನಿಂತು ಬಾಯಿಪಾಠ ಮಾಡುತ್ತಿದ್ದೇನೆ. ಆ ಕೌಂಟರನ್ನು ನೆನೆದರೆ ಈಗಲೇ ಅಂಗೈ ಬೆವರುತ್ತದೆ. ಬೆವರೂ ನೀರೇ. ಅದಕ್ಕೇ ಡಬ್ಬಿ ತೆಗೆದಾಗಲೆಲ್ಲ ಮೊದಲು ಕೈ ಒರೆಸಿಕೊಂಡು, ಆಮೇಲೆ ಅದನ್ನು ಮುಟ್ಟುತ್ತೇನೆ.